ನೆಕ್ಸ್ಟ್‌ಸ್ಟ್ರೇನ್ ವಿಮರ್ಶೆ: ಕೀನ್ಯಾದ ನೆಗಡಿ ವೈರಸ್ ಹಿಡಿದು ನೋಡಿದ್ದು

ವೈರಸ್‌ಗಳ ಬಗ್ಗೆ ಕುತೂಹಲ ಇರುವವರಿಗೆ, ಅದರಲ್ಲೂ ನನ್ನ ಹಾಗೆ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವರಿಗೆ, ನಾನು ಮೊದಲು ಹೇಳುವ ಹೆಸರು ನೆಕ್ಸ್ಟ್‌ಸ್ಟ್ರೇನ್ ಡಾಟ್ ಆರ್ಗ್, ವೈರಸ್‌ಗಳ ವಂಶವೃಕ್ಷ ತೋರಿಸುವ ಜಾಲತಾಣ. ದುಡ್ಡು ಕೊಡಬೇಕಿಲ್ಲ. ಲಾಗಿನ್ ಬೇಕಿಲ್ಲ. ಜಾಹೀರಾತಿನ ಕಾಟವೂ ಇಲ್ಲ. ಕೋವಿಡ್ ಸಮಯದಲ್ಲಿ ಬಣ್ಣ ಬಣ್ಣದ ಕೊಂಬೆಗಳಿರುವ ವೈರಸ್ ವಂಶವೃಕ್ಷದ ಚಿತ್ರಗಳು ಎಲ್ಲ ಕಡೆ ಓಡಾಡುತ್ತಿದ್ದವು, ನೆನಪಿದೆ ಅಲ್ವಾ? ಅವುಗಳಲ್ಲಿ ಬಹಳಷ್ಟು ಇಲ್ಲಿಂದಲೇ ಬಂದವು. ಆ ಗಲಾಟೆ ತಣ್ಣಗಾದ ಮೇಲೆ ಈ ತಾಣದ ಮಾತೂ ನಿಂತುಹೋಯಿತು. ನನಗೆ ಇದರ ನಿಜವಾದ ಬೆಲೆ ಗೊತ್ತಾಗಿದ್ದು ಕೋವಿಡ್ ಪುಟದಲ್ಲಲ್ಲ, ಆರ್‌ಎಸ್‌ವಿ (ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್) ಪುಟದಲ್ಲಿ. ಅಲ್ಲಿ ಎಡಗಡೆಯ ಪಟ್ಟಿಯಲ್ಲಿ ಕೀನ್ಯಾ ಅಂತ ಆರಿಸಿ ನೋಡಿದಾಗ, ಒಂದು ದೇಶದಲ್ಲಿ ಓಡಾಡುವ ನೆಗಡಿ ವೈರಸ್‌ನಲ್ಲಿ ಎಷ್ಟೊಂದು ಬಗೆ ಇರುತ್ತದೆ ಅನ್ನುವುದು ಕಣ್ಣಿಗೆ ಕಟ್ಟಿತು.

ಆರ್‌ಎಸ್‌ವಿ ಅಂದರೆ ಆರೋಗ್ಯವಾಗಿರುವ ದೊಡ್ಡವರಿಗೆ ಹೆಚ್ಚಾಗಿ ಬರೀ ನೆಗಡಿ. ಮೂಗು ಸೋರುತ್ತದೆ, ನಾಲ್ಕು ದಿನ ಕೆಮ್ಮು, ಆಮೇಲೆ ಮರೆತುಬಿಡುತ್ತೇವೆ. ಆದರೆ ಆರು ತಿಂಗಳೊಳಗಿನ ಕೂಸಿಗೆ ಅದೇ ವೈರಸ್ ಶ್ವಾಸಕೋಶದ ಸಣ್ಣ ಸಣ್ಣ ನಾಳಗಳಿಗೆ ಇಳಿದು, ಉಸಿರು ಎಳೆಯುವಾಗ ಪಕ್ಕೆಲುಬು ಒಳಗೆ ಸೇದಿಕೊಳ್ಳುವ ಹಾಗೆ ಮಾಡಬಹುದು. 2019ರ ಲೆಕ್ಕದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು ಒಂದು ಲಕ್ಷ ಮಕ್ಕಳು ಇದರಿಂದ ಸತ್ತರು, ಅವರಲ್ಲಿ ನೂರಕ್ಕೆ 97 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಈ ವೈರಸ್ ಮೊದಲು ಸಿಕ್ಕಿದ್ದು ಮನುಷ್ಯರಲ್ಲೂ ಅಲ್ಲ. 1956ರಲ್ಲಿ ಅಮೆರಿಕದ ವಿಜ್ಞಾನಿಗಳು ನೆಗಡಿ ಹಿಡಿದಿದ್ದ ಚಿಂಪಾಂಜಿಗಳಲ್ಲಿ ಇದನ್ನು ಕಂಡರು. ಮುಂದಿನ ವರ್ಷವೇ ಮಕ್ಕಳಲ್ಲೂ ಸಿಕ್ಕಿತು. ಮಕ್ಕಳ ಡಾಕ್ಟರುಗಳಿಗೆ ಇದು ಚೆನ್ನಾಗಿ ಗೊತ್ತು. ಉಳಿದವರಿಗೆ ಹೆಸರೇ ಅಪರಿಚಿತ.

ಈಗ ತಾಣದ ವಿಷಯ. ಇದನ್ನು ಕಟ್ಟಿದವರು ಸಿಯಾಟಲ್‌ನ ಫ್ರೆಡ್ ಹಚ್ ಕೇಂದ್ರದ ಟ್ರೆವರ್ ಬೆಡ್‌ಫರ್ಡ್ ಮತ್ತು ಸ್ವಿಟ್ಜರ್ಲೆಂಡ್‌ನ ಬಾಸೆಲ್ ವಿಶ್ವವಿದ್ಯಾಲಯದ ರಿಚರ್ಡ್ ನೇಹರ್, ಅವರ ಜೊತೆಗೊಂದು ತಂಡ. ಮೊದಲು 2015ರ ಹೊತ್ತಿಗೆ ಫ್ಲೂಗೆ ಮಾತ್ರ ಅಂತ ನೆಕ್ಸ್ಟ್‌ಫ್ಲೂ ಶುರು ಮಾಡಿದ್ದರು. ಅದೇ ಬೆಳೆದು ಇದಾಯಿತು. 2017ರಲ್ಲಿ ಇದಕ್ಕೆ ಓಪನ್ ಸೈನ್ಸ್ ಪ್ರೈಜ್ ಬಂತು. ಬಂದದ್ದು ಸರಿಯೇ, ಯಾಕಂದರೆ ಇಲ್ಲಿ ಕೋಡ್ ಕೂಡ ಮುಚ್ಚಿಟ್ಟಿಲ್ಲ. ಆರ್‌ಎಸ್‌ವಿ ಮರಕ್ಕೆ ಬೇಕಾದ ಜೀನೋಮ್‌ಗಳು, ಅಂದರೆ ವೈರಸ್‌ನ ವಂಶವಾಹಿ ಸಂದೇಶದ ಪೂರ್ತಿ ಅಕ್ಷರಸಾಲುಗಳು, ಜೆನ್‌ಬ್ಯಾಂಕ್ ಅನ್ನುವ ಸಾರ್ವಜನಿಕ ಭಂಡಾರದಿಂದ ಬರುತ್ತವೆ. ಯಾರು ಬೇಕಾದರೂ ಅಲ್ಲಿ ಹೋಗಿ ಅದೇ ಅಕ್ಷರಗಳನ್ನು ಇಳಿಸಿಕೊಂಡು, ಅದೇ ಮರ ಮತ್ತೆ ಕಟ್ಟಿ, ಇವರು ಹೇಳಿದ್ದು ಸರಿಯಾ ಅಂತ ನೋಡಬಹುದು.

ಆರ್‌ಎಸ್‌ವಿಯಲ್ಲಿ ಎರಡು ಪಂಗಡ, ಎ ಮತ್ತು ಬಿ. ಎರಡಕ್ಕೂ ಬೇರೆ ಬೇರೆ ಪುಟ ಇದೆ. ಮೊದಲ ಸಲ ಹೋಗುವವರು ಎ ಪಂಗಡದ ಪೂರ್ತಿ ಜೀನೋಮ್ ಪುಟ ತೆರೆಯಿರಿ, ಕಾಲಾವಧಿಯಲ್ಲಿ ಉದ್ದದ್ದನ್ನೇ ಆರಿಸಿಕೊಳ್ಳಿ. ಎಡದಿಂದ ಬಲಕ್ಕೆ ವರ್ಷಗಳು ಸಾಗುತ್ತವೆ. ಬಲತುದಿಯ ಒಂದೊಂದು ಚುಕ್ಕೆಯೂ ಯಾವುದೋ ಊರಿನ ಯಾರದೋ ಮೂಗಿನಿಂದ ತೆಗೆದ ಸ್ವಾಬ್. ಪಕ್ಕದಲ್ಲೋ ಕೆಳಗೋ ಭೂಪಟ ಇರುತ್ತದೆ, ನಿಮ್ಮ ಪರದೆಯ ಅಗಲದ ಮೇಲೆ ಅದು. ಈಗ ಮರವನ್ನು ಸುಮ್ನೆ ಒಂದು ನಿಮಿಷ ನೋಡಿ. 2010ರ ಆಚೆ ಈಚೆ ಏನೋ ಆಗಿದೆ ಅಂತ ಯಾರೂ ಹೇಳದೆ ತಿಳಿಯುತ್ತದೆ. ಅಲ್ಲಿಯವರೆಗೆ ಬೇರೆ ಬೇರೆ ಕೊಂಬೆಗಳು ಒಟ್ಟಿಗೆ ನಡೆಯುತ್ತಿದ್ದವು. ಆಮೇಲೆ ಒಂದೇ ಕೊಂಬೆ ಹರಡಿ ಹರಡಿ ಉಳಿದವನ್ನೆಲ್ಲ ಹಿಂದೆ ಹಾಕಿಬಿಟ್ಟಿತು.

ಆ ಕೊಂಬೆಯ ಹಳೆಯ ಹೆಸರು ಒಎನ್1. 2010ರ ಡಿಸೆಂಬರ್‌ನಲ್ಲಿ ಕೆನಡಾದ ಒಂಟಾರಿಯೊದಲ್ಲಿ ತೆಗೆದ ಸ್ವಾಬ್‌ಗಳಲ್ಲಿ ಮೊದಲು ಕಂಡಿತು. ಅದರ ಮೈಮೇಲಿರುವ ಜಿ ಅನ್ನುವ ಪ್ರೋಟೀನಿನ ಜೀನ್‌ನಲ್ಲಿ 72 ಅಕ್ಷರಗಳ ಒಂದು ತುಂಡು ಎರಡು ಸಲ ಬರೆದುಹೋಗಿತ್ತು, ನಕಲು ಮಾಡುವಾಗ ಆದದ್ದು. ಬಿ ಪಂಗಡದಲ್ಲೂ ಅಂಥದ್ದೇ ನಡೆದಿತ್ತು, ಇನ್ನೂ ಮುಂಚೆ. 1999ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ 60 ಅಕ್ಷರಗಳ ತುಂಡು ಎರಡಾಗಿದ್ದ ವೈರಸ್ ಸಿಕ್ಕಿತು, ಅದಕ್ಕೆ ಬಿಎ ಅಂತ ಹೆಸರಿಟ್ಟರು. ಈಗ ಜಗತ್ತಿನಾದ್ಯಂತ ಓಡಾಡುತ್ತಿರುವುದು ಹೆಚ್ಚುಕಮ್ಮಿ ಈ ಎರಡರ ಮರಿಮೊಮ್ಮಕ್ಕಳೇ, ಭಾರತದಲ್ಲೂ ಅಷ್ಟೇ. ತಾಣದಲ್ಲಿ ಹೊಸ ಹೆಸರುಗಳಿವೆ, ಒಎನ್1 ವಂಶಕ್ಕೆ ಎ.ಡಿ ಮತ್ತು ಬಿಎ ವಂಶಕ್ಕೆ ಬಿ.ಡಿ ಅಂತ, ಅದರಡಿ ಎ.ಡಿ.1, ಎ.ಡಿ.3 ಹೀಗೆ ಉಪಶಾಖೆಗಳು. ಹಳೆಯ ಪ್ರಬಂಧಗಳನ್ನು ಓದಿ ಇಲ್ಲಿಗೆ ಬರುವವರಿಗೆ ಇದು ಸ್ವಲ್ಪ ತಲೆನೋವು. ಎರಡೂ ಹೆಸರು ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಈಗ ಕೀನ್ಯಾಕ್ಕೆ ಬರೋಣ. ಎಡಗಡೆ ಫಿಲ್ಟರ್ ಡಬ್ಬಿಯಲ್ಲಿ ಕೀನ್ಯಾ ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಉಳಿದ ದೇಶಗಳ ಚುಕ್ಕೆಗಳು ಮಸುಕಾಗಿ, ಕೀನ್ಯಾದವು ಮಾತ್ರ ಎದ್ದು ನಿಲ್ಲುತ್ತವೆ. ಕೀನ್ಯಾದವು ಒಂದೇ ಗೊಂಚಲಿನಲ್ಲಿ ಇರಬಹುದು ಅಂತ ನನ್ನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಊಹಿಸುತ್ತಾರೆ. ಹಾಗಿರುವುದಿಲ್ಲ. ಮರದ ಮೇಲೂ ಕೆಳಗೂ ಚದುರಿವೆ. ಕೆಲವು ಕಡೆ ನಾಲ್ಕೈದು ಚುಕ್ಕೆ ಒತ್ತೊತ್ತಾಗಿ ಇರುತ್ತವೆ, ಅದರ ಅಕ್ಕಪಕ್ಕದಲ್ಲೇ ಬೇರೆ ಖಂಡದ ವೈರಸ್‌ಗಳು. ಅಂದರೆ ದೇಶದೊಳಗೆ ಒಂದೇ ವೈರಸ್ ವರ್ಷವಿಡೀ ಸುತ್ತುತ್ತಾ ಕೂತಿಲ್ಲ. ಹೊರಗಿನಿಂದ ಹೊಸ ಹೊಸದು ಬರುತ್ತಲೇ ಇರುತ್ತದೆ, ಕೆಲವು ಒಂದು ಸೀಸನ್ ಓಡಾಡಿ ಅಳಿಯುತ್ತವೆ, ಕೆಲವು ಮಾತ್ರ ಮುಂದಿನ ವರ್ಷಕ್ಕೆ ದಾಟುತ್ತವೆ. ಒಎನ್1 ಕೂಡ ಹಾಗೇ ಬಂತು. ಕೀನ್ಯಾದ ಕರಾವಳಿಯ ಕಿಲಿಫಿಯಲ್ಲಿ ಅದು ಮೊದಲು ಸಿಕ್ಕಿದ್ದು 2012ರಲ್ಲಿ. ಒಂಟಾರಿಯೊದಲ್ಲಿ ಕಂಡು ವರ್ಷ ಒಂದು ಚಿಲ್ಲರೆಯಲ್ಲಿ ಹಿಂದೂ ಮಹಾಸಾಗರದ ದಡಕ್ಕೆ ಬಂದಾಗಿತ್ತು! ಯಾವ ಪಠ್ಯಪುಸ್ತಕದ ವಾಕ್ಯಕ್ಕಿಂತಲೂ ಈ ಚಿತ್ರ ಜಾಸ್ತಿ ಹೇಳುತ್ತದೆ.

ಕೀನ್ಯಾವನ್ನೇ ಯಾಕೆ ಆರಿಸಿಕೊಂಡೆ ಅಂತ ಹೇಳಬೇಕು, ಯಾಕಂದರೆ ಈ ತಾಣದ ಅರ್ಧ ಗುಟ್ಟು ಅಲ್ಲಿದೆ. ಮೊಂಬಾಸಾದ ಉತ್ತರಕ್ಕಿರುವ ಕಿಲಿಫಿಯಲ್ಲಿ ಕೀನ್ಯಾದ ವೈದ್ಯಕೀಯ ಸಂಶೋಧನಾ ಸಂಸ್ಥೆ ಕೆಮ್ರಿ ಮತ್ತು ವೆಲ್‌ಕಮ್ ಟ್ರಸ್ಟ್ ಸೇರಿ 1989ರಿಂದ ಒಂದು ಕೇಂದ್ರ ನಡೆಸುತ್ತಿವೆ. 2002ರಿಂದ ಅಲ್ಲಿನ ಆಸ್ಪತ್ರೆಗೆ ನ್ಯುಮೋನಿಯಾ ಅಂತ ಬರುವ ಮಕ್ಕಳ ಮೂಗಿನ ಸ್ವಾಬ್ ತೆಗೆದು ಆರ್‌ಎಸ್‌ವಿ ಇದೆಯಾ ಅಂತ ನೋಡುತ್ತಾ ಬಂದಿದ್ದಾರೆ. ಜೇಮ್ಸ್ ನೋಕ್ಸ್, ಚಾರ್ಲ್ಸ್ ಅಗೋಟಿ, ಪ್ಯಾಟ್ರಿಕ್ ಮುನ್ಯೋಕಿ ಇವರೆಲ್ಲ ಆ ಕೆಲಸಕ್ಕೆ ಹೆಸರಾದವರು. 2009 ಮತ್ತು 2010ರ ನಡುವೆ ಇವರು ಹಳ್ಳಿಯ ಮನೆಗಳಿಗೇ ಹೋಗಿ, ಎಳೆಗೂಸು ಇರುವ ಮನೆಯ ಎಲ್ಲರಿಂದಲೂ, ನೆಗಡಿ ಇರಲಿ ಬಿಡಲಿ, ವಾರಕ್ಕೆ ಎರಡು ಸಲ, ಸುಮಾರು ಆರು ತಿಂಗಳು ಸ್ವಾಬ್ ತೆಗೆದರು. ಯೋಚಿಸಿ ನೋಡಿ, ಮೂಗಿನೊಳಗೆ ಅಷ್ಟು ದೂರ ಕಡ್ಡಿ ಹಾಕಿಸಿಕೊಳ್ಳುವುದು ಯಾರಿಗೂ ಇಷ್ಟವಿಲ್ಲ. ಆ ಜನ ಹಾಕಿಸಿಕೊಂಡರು. ಅದರಿಂದ ಗೊತ್ತಾಗಿದ್ದು ಏನು? ಕೂಸಿಗೆ ವೈರಸ್ ತರುವವರು ಹೆಚ್ಚಾಗಿ ಅದರ ಅಕ್ಕ ಅಣ್ಣಂದಿರು, ಮುಖ್ಯವಾಗಿ ಶಾಲೆಗೆ ಹೋಗುವವರು. ಆಮೇಲೆ ಜೀನೋಮ್ ಓದಿದಾಗ ಒಂದು ಮನೆಯೊಳಗೆ ಹರಡಿದ ವೈರಸ್‌ಗಳು ಸಾಮಾನ್ಯವಾಗಿ ತೀರಾ ಹತ್ತಿರದವು ಅಂತ ಕಂಡಿತು. ಅದೇ ಊರಿನ ಇನ್ನೊಂದು ಮನೆಯದ್ದು ಬೇರೆ ಕೊಂಬೆಯದ್ದಾಗಿರಬಹುದು.

ಆದ್ದರಿಂದ ಕೀನ್ಯಾದ ಒಂದು ಚುಕ್ಕೆಯ ಮೇಲೆ ಕ್ಲಿಕ್ ಮಾಡಿದಾಗ ಬರುವ ಆ ಸಣ್ಣ ಡಬ್ಬಿಯನ್ನು ನಾನು ತುಂಬ ಗೌರವದಿಂದ ಓದುತ್ತೇನೆ. ದೇಶ, ಸ್ವಾಬ್ ತೆಗೆದ ದಿನ, ಯಾವ ಶಾಖೆ, ಜೆನ್‌ಬ್ಯಾಂಕಿನ ನಂಬರ್. ಇಷ್ಟೇ. ಆ ನಂಬರಿನ ಮೇಲೆ ಒತ್ತಿದರೆ ಜೆನ್‌ಬ್ಯಾಂಕ್ ಪುಟ ತೆರೆದುಕೊಂಡು ಸುಮಾರು 15,200 ಅಕ್ಷರಗಳ ಪೂರ್ತಿ ಜೀನೋಮ್ ಕಾಣಿಸುತ್ತದೆ, ಎ, ಸಿ, ಜಿ, ಟಿ ಅಂತ ಸಾಲು ಸಾಲು. ಸ್ಮಾರ್ಟ್ ಬೋರ್ಡಿನ ಮೇಲೆ ಅದನ್ನು ಹಾಕಿದಾಗ ಕ್ಲಾಸು ಗಪ್‌ಚುಪ್ ಆಗುತ್ತದೆ. ಒಂದು ನೆಗಡಿಯ ಪೂರ್ತಿ ಸೂತ್ರ ಕೆಲವೇ ಪರದೆ ಉರುಳಿಸುವಷ್ಟರಲ್ಲಿ ಮುಗಿದುಬಿಡುತ್ತದೆ ಅನ್ನುವುದು ಮಕ್ಕಳಿಗೆ ನಂಬಲು ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಮರವೂ ಅಲ್ಲ, ಭೂಪಟವೂ ಅಲ್ಲ. ಪುಟದ ಕೆಳಗಿರುವ ಕಂಬಗಳ ಚಿತ್ರ. ಹೆಚ್ಚಿನವರು ಅಲ್ಲಿಗೆ ಹೋಗುವುದೇ ಇಲ್ಲ. ಜೀನೋಮಿನ ಯಾವ ಜಾಗದಲ್ಲಿ ವೈರಸ್‌ಗಳ ನಡುವೆ ವ್ಯತ್ಯಾಸ ಜಾಸ್ತಿ ಅಂತ ಅದು ತೋರಿಸುತ್ತದೆ. ಜಿ ಪ್ರೋಟೀನ್ ಇರುವ ಜಾಗದಲ್ಲಿ ಕಂಬಗಳು ಒತ್ತೊತ್ತಾಗಿ ಎದ್ದಿರುತ್ತವೆ. ವೈರಸ್‌ನ ಮೈಮೇಲೆ ಇರುವ ಈ ಪ್ರೋಟೀನನ್ನು ನಮ್ಮ ರೋಗನಿರೋಧಕ ಶಕ್ತಿ ಸದಾ ಗುರಿ ಇಡುತ್ತದೆ, ಅದಕ್ಕೇ ಅದು ಸದಾ ವೇಷ ಬದಲಿಸುತ್ತದೆ. ಎಫ್ ಪ್ರೋಟೀನ್ ಇರುವ ಜಾಗದಲ್ಲಿ ಕಂಬಗಳು ಕಮ್ಮಿ. ಜೀವಕೋಶದೊಳಗೆ ನುಗ್ಗಲು ಎಫ್ ಬೇಕೇ ಬೇಕು, ಅದನ್ನು ಮನಸೋ ಇಚ್ಛೆ ಬದಲಿಸಿದರೆ ವೈರಸ್ಸೇ ಕೆಲಸ ಮಾಡುವುದಿಲ್ಲ. ಈಗಿನ ಲಸಿಕೆಗಳು, ಕೂಸುಗಳಿಗೆ ಕೊಡುವ ಆ್ಯಂಟಿಬಾಡಿ ಇಂಜೆಕ್ಷನ್ ಎಲ್ಲವೂ ಎಫ್ ಅನ್ನೇ ಗುರಿ ಮಾಡಿಕೊಂಡದ್ದು ಇದೇ ಕಾರಣಕ್ಕೆ.

ಆದರೆ ಕಮ್ಮಿ ಅಂದರೆ ಇಲ್ಲ ಅಂತ ಅಲ್ಲ. ಇದಕ್ಕೆ ಒಂದು ಘಟನೆ ಹೇಳಲೇಬೇಕು. ಅಮೆರಿಕದ ರೀಜೆನೆರಾನ್ ಕಂಪನಿ ಸುಪ್ಟಾವುಮಾಬ್ ಅನ್ನುವ ಆ್ಯಂಟಿಬಾಡಿ ತಯಾರಿಸಿತ್ತು. ಹೊತ್ತಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಆರ್‌ಎಸ್‌ವಿಯಿಂದ ಕಾಪಾಡುವುದು ಉದ್ದೇಶ. ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮೂರನೆಯ ಹಂತದ ದೊಡ್ಡ ಪ್ರಯೋಗದಲ್ಲಿ, 2017ರಲ್ಲಿ, ಸೋತಿತು. ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಇದು: ಆ ಹೊತ್ತಿಗೆ ಓಡಾಡುತ್ತಿದ್ದ ಬಿ ಪಂಗಡದ ವೈರಸ್‌ಗಳ ಎಫ್ ಪ್ರೋಟೀನಿನಲ್ಲಿ, ಆ್ಯಂಟಿಬಾಡಿ ಕೂರುವ ಜಾಗದಲ್ಲೇ, 172 ಮತ್ತು 173ನೇ ಅಮೈನೋ ಆಮ್ಲಗಳು ಬದಲಾಗಿದ್ದವು. ಎರಡೇ ಎರಡು. ವರ್ಷಗಟ್ಟಲೆ ದುಡಿದ ಔಷಧ ಅಲ್ಲಿಗೆ ನಿಂತಿತು. ಬಿ ಪಂಗಡದ ಪುಟ ತೆರೆದು, ಬಣ್ಣ ಹಚ್ಚುವ ಆಯ್ಕೆಯಲ್ಲಿ ಎಫ್‌ನ 172 ಅಥವಾ 173ನೇ ಜಾಗ ಆರಿಸಿ ನೋಡಿ. ಹಳೆಯ ಕೊಂಬೆಗಳು ಒಂದು ಬಣ್ಣ, ಹೊಸವು ಇನ್ನೊಂದು ಬಣ್ಣ. ಒಂದು ದೇಶದಲ್ಲಿ ಯಾವ ಯಾವ ನೆಗಡಿ ವೈರಸ್ ಓಡಾಡುತ್ತಿದೆ ಅಂತ ತಿಳಿದು ಏನಾಗಬೇಕು ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಕುಂದುಗಳೂ ಇವೆ, ಬಿಡದೆ ಹೇಳುತ್ತೇನೆ.

ಮೊದಲನೆಯದು ದೊಡ್ಡದು. ಮರದಲ್ಲಿ ಕಾಣುವುದು ಇರುವ ಎಲ್ಲ ಜೀನೋಮ್‌ಗಳಲ್ಲ. ಎಲ್ಲವನ್ನೂ ಹಾಕಿದರೆ ಪರದೆ ತುಂಬಿ ಏನೂ ತಿಳಿಯುವುದಿಲ್ಲ ಅಂತ ಕೆಲವು ಸಾವಿರ ಮಾತ್ರ ಆರಿಸುತ್ತಾರೆ, ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುವ ಹಾಗೆ. ತಪ್ಪಲ್ಲ. ಆದರೆ ಹೊಸಬರು ಭೂಪಟದ ಮೇಲಿನ ದೊಡ್ಡ ವೃತ್ತ ನೋಡಿ ಅಲ್ಲಿ ಕಾಯಿಲೆ ಜಾಸ್ತಿ ಅಂದುಕೊಳ್ಳುತ್ತಾರೆ. ವೃತ್ತ ದೊಡ್ಡದಿದ್ದರೆ ಅಲ್ಲಿಂದ ಬಂದ ಜೀನೋಮ್‌ಗಳು ಈ ಮರದಲ್ಲಿ ಜಾಸ್ತಿ ಅಂತ ಮಾತ್ರ ಅರ್ಥ. ಈ ಎಚ್ಚರಿಕೆ ವಿವರಣೆ ಪುಟದಲ್ಲಿ ಹುಡುಕಿ ಓದುವ ಹಾಗಿರಬಾರದು, ಭೂಪಟದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಇರಬೇಕಿತ್ತು. ಭೂಪಟದಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಬಾಗಿ ಹೋಗುವ ಗೆರೆಗಳೂ ಹಾಗೇ. ವೈರಸ್ ಖಂಡಿತ ಆ ದಾರಿಯಲ್ಲೇ ಹೋಯಿತು ಅಂತ ಅವು ಹೇಳುವುದಿಲ್ಲ, ಸಿಕ್ಕ ಸ್ವಾಬ್‌ಗಳಿಂದ ಮಾಡಿದ ಲೆಕ್ಕಾಚಾರ ಅಷ್ಟೇ. ಮಧ್ಯದ ಯಾವುದೋ ದೇಶ ಸ್ವಾಬನ್ನೇ ತೆಗೆದಿರದಿದ್ದರೆ ಆ ದೇಶ ಚಿತ್ರದಲ್ಲೇ ಇರುವುದಿಲ್ಲ.

ಎರಡನೆಯದು ಫೋನು. ಫೋನಿನಲ್ಲಿ ತೆರೆದರೆ ಮರ ಇಕ್ಕಟ್ಟಾಗಿ, ಚುಕ್ಕೆಗಳ ಮೇಲೆ ಬೆರಳು ಕೂರುವುದಿಲ್ಲ. ಲ್ಯಾಪ್‌ಟಾಪ್ ಇದ್ದರೆ ಮಾತ್ರ ಇದರ ಸುಖ. ನೆಟ್ ನಿಧಾನ ಇರುವ ಕಡೆ ಪುಟ ತೆರೆಯಲು ಹೊತ್ತು ಹಿಡಿಯುತ್ತದೆ, ಆದರೆ ಒಮ್ಮೆ ತೆರೆದ ಮೇಲೆ ಬಣ್ಣ ಬದಲಿಸುವುದು, ಫಿಲ್ಟರ್ ಮಾಡುವುದು ಎಲ್ಲ ಸರಾಗ. ಕನ್ನಡದಲ್ಲಿ ಇಲ್ಲ. ಡಿಗ್ರಿ ಮಕ್ಕಳಿಗೆ ತೊಂದರೆಯಿಲ್ಲ, ಹೈಸ್ಕೂಲ್ ಮಕ್ಕಳ ಪಕ್ಕ ಒಬ್ಬರು ಕೂತು ಹೇಳಿಕೊಡಬೇಕು.

ಮೂರನೆಯದು ತಾಣದ ತಪ್ಪಲ್ಲ, ನಮ್ಮದು. ಕೀನ್ಯಾ ತೆಗೆದು ಭಾರತ ಅಂತ ಹಾಕಿ ನೋಡಿದರೆ ಇಷ್ಟು ಜನ ಇರುವ ದೇಶಕ್ಕೆ ಚುಕ್ಕೆಗಳು ತೀರಾ ತೆಳ್ಳಗೆ ಕಾಣುತ್ತವೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಇಲ್ಲಿ. ನಮಗೆ ಬರುವುದಿಲ್ಲ ಅಂತಲ್ಲ. ಪುಣೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ 1952ರಿಂದ ಇದೆ. ಮಣಿಪಾಲದಲ್ಲಿ ವೈರಾಲಜಿ ಸಂಸ್ಥೆ ಇದೆ. 2020ರ ಡಿಸೆಂಬರ್‌ನಲ್ಲಿ ಕೋವಿಡ್‌ಗಾಗಿ ಇನ್ಸಾಕಾಗ್ ಅನ್ನುವ, ಜೀನೋಮ್ ಓದುವ ಲ್ಯಾಬ್‌ಗಳ ಜಾಲ ಕಟ್ಟಿದಾಗ ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಎಲ್ಲ ಅದರಲ್ಲಿ ಸೇರಿ ರಾಶಿ ರಾಶಿ ಜೀನೋಮ್ ಓದಿದವು. ಯಂತ್ರಗಳಿವೆ, ಕೈಗಳಿವೆ. ಮಳೆಗಾಲದಲ್ಲಿ ನಮ್ಮ ಮಕ್ಕಳ ವಾರ್ಡುಗಳು ಹೇಗೆ ತುಂಬುತ್ತವೆ ಅಂತ ಎಲ್ಲರಿಗೂ ಗೊತ್ತು. ಆ ಕೂಸುಗಳ ಮೂಗಿನಲ್ಲಿ ಇರುವುದು ಯಾವ ಶಾಖೆಯ ಆರ್‌ಎಸ್‌ವಿ, ಅದರ ಎಫ್ ಪ್ರೋಟೀನ್ ಹೇಗಿದೆ ಅಂತ ವರ್ಷ ವರ್ಷವೂ ಓದಿ, ಎಲ್ಲರಿಗೂ ಸಿಗುವ ಹಾಗೆ ಇಡಬೇಕು. ಕಿಲಿಫಿಯಂಥ ಸಣ್ಣ ಊರು ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಮಾಡುತ್ತಿದೆ. ನಾವು ಯಾಕೆ ಮಾಡಬಾರದು?

ಇನ್ನೊಂದು ಆಸೆ ರೈನೋವೈರಸ್‌ದು. ನೆಗಡಿಗಳಲ್ಲಿ ಅತಿ ಹೆಚ್ಚು ಇದರದ್ದೇ. ಎ, ಬಿ, ಸಿ ಅಂತ ಮೂರು ಪ್ರಭೇದ, ಒಟ್ಟು 160ಕ್ಕೂ ಹೆಚ್ಚು ಬಗೆ. ಸಿ ಇದೆ ಅಂತಲೇ 2006ರವರೆಗೆ ಯಾರಿಗೂ ಗೊತ್ತಿರಲಿಲ್ಲ, ಯಾಕಂದರೆ ಲ್ಯಾಬಿನಲ್ಲಿ ಸಾಮಾನ್ಯವಾಗಿ ಬಳಸುವ ಜೀವಕೋಶಗಳಲ್ಲಿ ಅದು ಬೆಳೆಯುವುದಿಲ್ಲ. ಒಂದು ಬಗೆಗೆ ಬಂದ ರೋಗನಿರೋಧಕ ಶಕ್ತಿ ಇನ್ನೊಂದಕ್ಕೆ ಅಷ್ಟಾಗಿ ಆಗಿಬರುವುದಿಲ್ಲ, ಅದಕ್ಕೇ ಚಿಕ್ಕ ಮಕ್ಕಳಿಗೆ ಒಂದು ನೆಗಡಿ ಮುಗಿಯುವ ಮುಂಚೆ ಇನ್ನೊಂದು. ಕಿಲಿಫಿಯವರೇ ಒಂದು ಹಳ್ಳಿ ಶಾಲೆಯಲ್ಲಿ 2017ರಿಂದ 2018ರವರೆಗೆ ಒಂದು ವರ್ಷ ಮಕ್ಕಳ ಮತ್ತು ಮೇಷ್ಟ್ರುಗಳ ಸ್ವಾಬ್ ತೆಗೆದು ನೋಡಿದರು. ಒಂದೇ ಶಾಲೆ, ಒಂದೇ ವರ್ಷ, ಹತ್ತಾರು ಬಗೆಯ ರೈನೋವೈರಸ್! ಹೀಗಿರುವಾಗ ಇದನ್ನು ಒಂದೇ ಮರದಲ್ಲಿ ಕೂರಿಸುವುದು ಆರ್‌ಎಸ್‌ವಿಯಷ್ಟು ಸುಲಭವಲ್ಲ, ಬಗೆಗಳ ನಡುವಿನ ದೂರವೇ ಅಷ್ಟಿದೆ. ಗೊತ್ತು. ಆದರೂ ಆರ್‌ಎಸ್‌ವಿಗೆ ಕೊಟ್ಟಷ್ಟೇ ಮುತುವರ್ಜಿಯನ್ನು ಇವರು ರೈನೋವೈರಸ್‌ಗೂ ಕೊಟ್ಟರೆ ನಮ್ಮಂಥವರಿಗೆ ತುಂಬ ಉಪಕಾರ.

ಯಾರಿಗೆ ಇದು ಬೇಡ ಅಂತಲೂ ಹೇಳಿಬಿಡುತ್ತೇನೆ. ಮಗುವಿಗೆ ನೆಗಡಿ, ಕೆಮ್ಮು ಅಂತ ಉತ್ತರ ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ಇಲ್ಲಿ ಮದ್ದಿಲ್ಲ, ನಿಮ್ಮ ಮಗುವಿನ ವೈರಸ್ಸೂ ಇಲ್ಲ. ಕೂಸು ಹಾಲು ಕುಡಿಯುತ್ತಿಲ್ಲ, ಉಸಿರು ಜೋರಾಗಿದೆ ಅಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.

ಲ್ಯಾಬಿನಲ್ಲಿ ಕೆಲಸ ಮಾಡುವವರು ಇದೇ ತಂಡದ ನೆಕ್ಸ್ಟ್‌ಕ್ಲೇಡ್ ಕೂಡ ನೋಡಿ. ನಿಮ್ಮಲ್ಲಿ ಓದಿದ ಆರ್‌ಎಸ್‌ವಿ ಜೀನೋಮಿನ ಫೈಲನ್ನು ಎಳೆದು ಪುಟದ ಮೇಲೆ ಬಿಟ್ಟರೆ ಸಾಕು, ಅದು ಯಾವ ಶಾಖೆ, ಎಲ್ಲೆಲ್ಲಿ ಬದಲಾವಣೆ, ಓದುವಾಗ ಎಲ್ಲಿ ಅಕ್ಷರ ತಪ್ಪಿಹೋಗಿದೆ ಅಂತ ಸ್ವಲ್ಪ ಹೊತ್ತಿನಲ್ಲೇ ಹೇಳುತ್ತದೆ. ಲೆಕ್ಕವೆಲ್ಲ ನಿಮ್ಮ ಕಂಪ್ಯೂಟರಿನ ಬ್ರೌಸರ್ ಒಳಗೇ ನಡೆಯುತ್ತದೆ, ಫೈಲು ಹೊರಗೆ ಹೋಗುವುದಿಲ್ಲ.

ಪಾಠಕ್ಕೆ ಬಳಸುವ ಮೇಷ್ಟ್ರುಗಳಿಗೆ ಒಂದು ಮಾತು. ಮೊದಲ ದಿನವೇ ಎಲ್ಲ ಗುಂಡಿಗಳನ್ನು ತೋರಿಸಲು ಹೋಗಬೇಡಿ. ಎ ಪಂಗಡದ ಪುಟ, ಫಿಲ್ಟರ್‌ನಲ್ಲಿ ಕೀನ್ಯಾ, ಬಣ್ಣ ಶಾಖೆಯ ಪ್ರಕಾರ. ಮೊದಲು ಕೊಂಬೆಯ ಉದ್ದವನ್ನು ಕಾಲದ ಪ್ರಕಾರ ಇಟ್ಟು ನೋಡಿ, ಆಮೇಲೆ ಬದಲಾವಣೆಗಳ ಎಣಿಕೆಗೆ ತಿರುಗಿಸಿ. ಆರ್‌ಎಸ್‌ವಿ ಜೀನೋಮಿನಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ ಹತ್ತು ಅಕ್ಷರ ಬದಲಾಗುತ್ತದೆ ಅನ್ನುವುದನ್ನು ಮಕ್ಕಳೇ ಎರಡು ಚುಕ್ಕೆ ಹಿಡಿದು ಲೆಕ್ಕ ಹಾಕಬಹುದು. ಚಿತ್ರವನ್ನು ಇಳಿಸಿಕೊಳ್ಳುವ ಗುಂಡಿ ಪುಟದ ತೀರಾ ಕೆಳಗಿದೆ. ಎ3 ಹಾಳೆಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿದರೆ ಹಿಂದಿನ ಬೆಂಚಿನವರಿಗೂ ಚುಕ್ಕೆಗಳು ಚೆನ್ನಾಗಿ ಕಾಣುತ್ತವೆ.